ಎರಡು ಆರಾಧನೆಗಳ ಮನೆ

ನಮ್ಮ ಮನೆಯಲ್ಲಿ ಭಾನುವಾರ ಎರಡು ಸಲ ಬೆಳಗಾಗುತ್ತಿತ್ತು. ಮೊದಲನೆಯ ಬೆಳಗು ಅಪ್ಪನದು ಮತ್ತು ಅವ್ವನದು. ಅವ್ವ ಅಂದರೆ ಅಪ್ಪನ ತಾಯಿ. ಅಪ್ಪ ಕರೆಯುವುದನ್ನು ಕೇಳಿ ಕೇಳಿ ನಾನೂ ಹಾಗೇ ಕರೆಯುತ್ತಿದ್ದೆ. ಇನ್ನೂ ಮಸುಕಿರುವಾಗಲೇ ಎದ್ದು ಹಂಡೆಗೆ ಉರಿ ಹಾಕಿ, ಸ್ನಾನ ಮಾಡಿ, ಬಿಳಿ ಸೀರೆಯುಟ್ಟು, ಬೈಬಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅವ್ವ ಜಗಲಿಯಲ್ಲಿ ಕೂತುಬಿಡುತ್ತಿದ್ದಳು. ಅಲ್ಲಿಂದಲೇ, ಒಳಗೆ ಸಾಕ್ಸಿನ ಜೋಡಿ ಹುಡುಕುತ್ತಿದ್ದ ಅಪ್ಪನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಏಳು ಗಂಟೆಗೆ ಕನ್ನಡ ಆರಾಧನೆ. ಅವರಿಬ್ಬರೂ ಗೇಟು ದಾಟಿದ ಮೇಲೆ ಎರಡನೆಯ ಬೆಳಗು, ಅಮ್ಮನದು. ಅದಕ್ಕೆ ಅವಸರವಿರಲಿಲ್ಲ. ಕಾಫಿ ಲೋಟ ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ಕೂರುವುದು, ಮಲ್ಲಿಗೆ ಕಟ್ಟುವುದು, ಮಧ್ಯಾಹ್ನದ ಸಾರಿಗೆ ಮಸಾಲೆ ರುಬ್ಬಿಡುವುದು, ಬಿಸಿನೀರು ಕುಡಿದು ಗಂಟಲು ಸರಿಮಾಡಿಕೊಳ್ಳುವುದು. ಒಂಬತ್ತು ಗಂಟೆಗೆ ತಮಿಳು ಆರಾಧನೆ. ಚರ್ಚು ಒಂದೇ, ಬೆಂಚುಗಳು ಅವೇ, ಅಯ್ಯನವರೂ ಒಬ್ಬರೇ. ನಮ್ಮ ಕಡೆ ಪಾದ್ರಿಗಳನ್ನು ಅಯ್ಯನವರು ಅನ್ನುತ್ತೇವೆ. ಎರಡೂ ಭಾಷೆ ಬಲ್ಲ ಅವರು ಏಳಕ್ಕೆ ಕನ್ನಡದಲ್ಲಿ ಹೇಳಿದ ಪ್ರಸಂಗವನ್ನೇ, ಅಂದರೆ ಉಪದೇಶವನ್ನೇ, ಒಂಬತ್ತಕ್ಕೆ ತಮಿಳಿನಲ್ಲಿ ಹೇಳುತ್ತಿದ್ದರು. ನಿಮ್ಮವರಿಗೆ ಸಿಗುವುದು ನಮ್ಮ ತಂಗಳು ಎಂದು ಅಪ್ಪ ಛೇಡಿಸಿದರೆ, ಸಾರಾಗಲಿ ಪ್ರಸಂಗವಾಗಲಿ ಎರಡನೇ ಸಲ ಕಾಯಿಸಿದ ಮೇಲೇ ರುಚಿ ಎಂದು ಅಮ್ಮ ತಿರುಗಿಸಿ ಕೊಡುತ್ತಿದ್ದಳು.

ನನ್ನನ್ನು ಅವರು ಹಂಚಿಕೊಂಡಿದ್ದರು. ಒಂದು ವಾರ ಅವ್ವನ ಕೈ ಹಿಡಿದು ಏಳು ಗಂಟೆಗೆ, ಮರುವಾರ ಅಮ್ಮನ ಜೊತೆ ಒಂಬತ್ತಕ್ಕೆ. ಅಪ್ಪ ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಅಮ್ಮ ಒಳಗೆ ಹೋಗುತ್ತಿದ್ದಳು. ಅಪ್ಪ ಕೆಲಸ ಮಾಡುತ್ತಿದ್ದ ಪಂಪ್ ಕಾರ್ಖಾನೆಯ ಗೇಟಿನಲ್ಲಿ ಶಿಫ್ಟು ಬದಲಾಗುವುದೂ ಹೀಗೇ ಇತ್ತು. ಬಾಗಿಲಲ್ಲಿ ಎದುರಾದಾಗ ಅಮ್ಮ ಮನೆಯ ಬೀಗದ ಕೈ ಕೊಡುವಳು, ಗ್ಯಾಸ್ ಆರಿಸಿದ್ಯಾ ಎಂದು ಅಪ್ಪ ಕೇಳುವನು, ಅಷ್ಟೇ. ಅಮ್ಮ ತಮಿಳು ಸಭೆಯ ಗಾಯನ ತಂಡದ ಮುಖ್ಯ ದನಿ. ಎರಡನೆಯ ಚರಣವನ್ನು ಅವಳೊಬ್ಬಳೇ ಎತ್ತಿಕೊಂಡಾಗ ಹಿಂದಿನ ಬೆಂಚಿನ ಮುದುಕರು ತೂಕಡಿಸುವುದು ಬಿಟ್ಟು ತಲೆಯೆತ್ತುತ್ತಿದ್ದರು. ಹೂವಿನವಳು, ಮಟನ್ ಅಂಗಡಿಯವನು, ನನ್ನ ಸ್ಕೂಲಿನ ಟೀಚರು, ಎಲ್ಲರೂ ಅಮ್ಮನ ಹಾಡು ಕೇಳಿದವರೇ. ಕೇಳದೇ ಇದ್ದವನು ಅಪ್ಪ ಒಬ್ಬನೇ. ಮನೆಯಲ್ಲಿ ಹಾಡು ಎಂದು ನಾನು ಕಾಡಿದ್ದುಂಟು. ಅವಳು ಅಕ್ಕಿ ಆರಿಸುತ್ತಾ ಗುನುಗುತ್ತಿದ್ದಳು. ಗಲ್ಲಿಯಲ್ಲಿ ಅಪ್ಪನ ಸ್ಕೂಟರಿನ ಸದ್ದಾದರೆ ಅದೂ ನಿಲ್ಲುತ್ತಿತ್ತು. ಒಮ್ಮೆ ಯಾಕೆ ನಿಲ್ಲಿಸ್ತೀಯ ಅಂತ ಕೇಳಿಯೇಬಿಟ್ಟೆ.

"ಕೇಳ್ಬೇಕು ಅನ್ಸಿದ್ರೆ ಬಂದು ಕೂತ್ಕೊಂಡು ಕೇಳ್ಲಿ. ಒಲೆ ಮುಂದೆ ಹಾಡೋಕೆ ನಾನೇನು ರೇಡಿಯೋನಾ?"

ನಗುತ್ತಲೇ ಹೇಳಿದಳು, ಆದರೆ ಅದು ಅವಳಿಗೆ ನೋಯುತ್ತಿತ್ತು ಎಂದು ನನಗೆ ಗೊತ್ತಿತ್ತು. ಎಲ್ಲದಕ್ಕೂ ಕಾರಣ ಒಂದು ಹಳೆಯ ಜಗಳ. ನಾನು ಹುಟ್ಟಿದ ವರ್ಷ, ಕ್ರಿಸ್ಮಸ್ ದಿನ ಒಂಬತ್ತು ಗಂಟೆಯ ಹೊತ್ತು ಯಾರದು ಎಂಬ ಪ್ರಶ್ನೆ ಎದ್ದಿತಂತೆ. ಆ ಚಳಿಯಲ್ಲಿ ಏಳಕ್ಕೆ ಬರಲು ಕನ್ನಡದವರು ಒಪ್ಪಲಿಲ್ಲ, ತಮ್ಮ ಹೊತ್ತು ಬಿಟ್ಟುಕೊಡಲು ತಮಿಳಿನವರು ಒಪ್ಪಲಿಲ್ಲ. ಅಪ್ಪ ಕನ್ನಡ ಸಭೆಯ ಕಾರ್ಯದರ್ಶಿ, ಅರುಳಪ್ಪ ಮಾಮ ತಮಿಳು ಸಭೆಯ ಕಾರ್ಯದರ್ಶಿ. ಇಬ್ಬರೂ ಒಂದೇ ಗಲ್ಲಿಯಲ್ಲಿ ಗೋಲಿ ಆಡಿ ಬೆಳೆದವರು. ಮಾತಿಗೆ ಮಾತು ಬೆಳೆದು, ನಿಮ್ಮ ಆರಾಧನೆಯಲ್ಲಿ ಇನ್ನು ಮೇಲೆ ನಾನು ಕೂತರೆ ಕೇಳಿ ಎಂದು ಅಪ್ಪ ಎಲ್ಲರೆದುರು ಎದ್ದುನಿಂತು ಹೇಳಿಬಿಟ್ಟ. ಹೆಂಡತಿ ಆ ಕಡೆಯವಳು ಎನ್ನುವುದು ಮಾತು ಆಡಿ ಮುಗಿಸಿದ ಮೇಲೆ ನೆನಪಾಯಿತಂತೆ. ಆ ಕ್ರಿಸ್ಮಸ್ಸಿಗೆ ಒಂದು ಸಭೆ ಎಂಟಕ್ಕೆ, ಇನ್ನೊಂದು ಹತ್ತಕ್ಕೆ ಸೇರಿ ಜಗಳ ಅಲ್ಲಿಗೇ ಮುಗಿಯಿತು. ಅಪ್ಪನ ಮಾತು ಮಾತ್ರ ಹಾಗೇ ಉಳಿಯಿತು. ಅಷ್ಟು ಸಾಲದೆಂದು, ಗಲ್ಲಿಯಲ್ಲಿ ಆಡುತ್ತಲೇ ಕಲಿತು ನಾಲಿಗೆಯ ಮೇಲಿದ್ದ ತಮಿಳನ್ನೂ ಅಪ್ಪ ಬಿಟ್ಟುಬಿಟ್ಟ. ನಾನು ಬೆಳೆಯುವಾಗ ಅಪ್ಪನ ಬಾಯಲ್ಲಿ ಒಂದೇ ಒಂದು ತಮಿಳು ಮಾತೂ ಕೇಳಿರಲಿಲ್ಲ. ಬೇರೆ ಮಕ್ಕಳು ಸೈಕಲ್ ಬೇಕು, ಬೊಂಬೆ ಬೇಕು ಎಂದು ಪ್ರಾರ್ಥಿಸುತ್ತಿದ್ದ ವಯಸ್ಸಿನಲ್ಲಿ ನಾನು ಪ್ರಾರ್ಥಿಸುತ್ತಿದ್ದದ್ದು ಒಂದೇ ಒಂದಕ್ಕೆ: ಅಪ್ಪ ಅಮ್ಮ ಇಬ್ಬರೂ ಒಂದೇ ಆರಾಧನೆಯಲ್ಲಿ ಅಕ್ಕಪಕ್ಕ ಕೂರಬೇಕು, ನಡುವೆ ನಾನಿರಬೇಕು.

ಮನೆ ಕಾಡುಗೋಡಿಯ ಹಳೇ ಊರಿನೊಳಗೆ. ಕೆಳಗೆ ಮೂರು ಕೋಣೆ, ಮೇಲೆ ಬಾಡಿಗೆಗೆಂದು ಕಟ್ಟಿಸಿದ ಒಂದು ಶೀಟಿನ ರೂಮು. ಅಡುಗೆಮನೆ ಚಿಕ್ಕದು, ಅದರಲ್ಲಿ ಎರಡು ಸಂಸಾರ. ಒಂದು ಕಡೆ ಅವ್ವನ ರಾಗಿ ಡಬ್ಬ, ಮುದ್ದೆ ತಿರುವುವ ಕೋಲು, ಅವರೆಕಾಳು. ಇನ್ನೊಂದು ಕಡೆ ಅಮ್ಮನ ಅಕ್ಕಿ, ಹುಣಸೆಹಣ್ಣು, ಒಣಮೀನು. ಅಮ್ಮ ಕೋಲಾರದ ಚಿನ್ನದ ಗಣಿಯ ಲೈನುಮನೆಗಳಲ್ಲಿ ಬೆಳೆದವಳು. ಗೋಡೆಯಾಚೆಯ ಮನೆಯವರು ಕೆಮ್ಮಿದರೆ ಇತ್ತಲಿನವರು ಕಷಾಯ ಕಾಯಿಸುತ್ತಿದ್ದ ಜಾಗ ಅದು. ಅವಳಿಗೆ ಅವ್ವನ ಮೇಲೆ ಕೋಪ ಬಂದರೂ ನಗು ಬಂದರೂ ಗಟ್ಟಿಯಾಗಿಯೇ ಬರುತ್ತಿತ್ತು. ಅವ್ವನ ದೊಡ್ಡ ದೂರು, ಸೊಸೆ ಇಷ್ಟು ವರ್ಷವಾದರೂ ಮುದ್ದೆಯನ್ನು ಅಗಿಯುತ್ತಾಳೆ ಎಂಬುದು. ಮುದ್ದೆ ನುಂಗುವ ಪದಾರ್ಥ, ಅಗಿಯುವವರ ಮುಂದೆ ಕೂತರೆ ತನಗೆ ಹಲ್ಲು ನೋಯುತ್ತದೆ ಅನ್ನುತ್ತಿದ್ದಳು. ಅಮ್ಮ ಬೇಕೆಂದೇ ಇನ್ನೂ ನಾಲ್ಕು ಸಲ ಅಗಿದು ತೋರಿಸುತ್ತಿದ್ದಳು. ಇವರ ನಡುವೆ ಅಪ್ಪ ತಟ್ಟೆಯಿಂದ ತಲೆಯೆತ್ತದೆ ಉಂಡು ಎದ್ದುಹೋಗುತ್ತಿದ್ದ.

ಆ ಮೇಲಿನ ರೂಮಿಗೆ ಬ್ಲೆಸಿಂಗ್ ಬಂದಳು. ನೈಜೀರಿಯಾದವಳು, ಹತ್ತಿರದ ಕಾಲೇಜೊಂದರಲ್ಲಿ ಓದುತ್ತಿದ್ದಳು. ಎತ್ತರದ ಹುಡುಗಿ, ನೂರಾರು ಸಣ್ಣ ಜಡೆ, ನಕ್ಕರೆ ಗಲ್ಲಿಯ ಆ ತುದಿಗೆ ಕೇಳಬೇಕು. ಊರಿನಲ್ಲಿ ಟು-ಲೆಟ್ ಬೋರ್ಡು ಹಾಕಿದ್ದ ಮನೆಗಳವರೆಲ್ಲ ಅವಳ ಮುಖ ನೋಡಿದ ಕೂಡಲೇ ರೂಮು ಆಗಲೇ ಹೋಯಿತು ಅಂದಿದ್ದರಂತೆ. ಅವ್ವನೂ ಹಾಗೇ ಹೇಳಬೇಕೆಂದಿದ್ದಳು, ಅಷ್ಟರಲ್ಲಿ ಅಮ್ಮ ಅವಳ ಕೊರಳಿನ ಶಿಲುಬೆ ನೋಡಿ ಕೀಲಿಕೈ ಕೊಟ್ಟಾಗಿತ್ತು. ಅವತ್ತು ಮಧ್ಯಾಹ್ನವೆಲ್ಲ ಅವ್ವ ಗೊಣಗಿದಳು. ಅವರು ಏನು ತಿನ್ನುತ್ತಾರೋ, ಯಾರನ್ನು ಕರೆತರುತ್ತಾರೋ, ಅಷ್ಟು ಕರ್ರಗೆ ಇರುವವರನ್ನು ತಾನು ಜನ್ಮದಲ್ಲಿ ನೋಡಿಲ್ಲ. ಅಮ್ಮ ಗೋಡೆಯ ಕನ್ನಡಿ ತೆಗೆದು ಅವ್ವನ ಮುಂದೆ ಹಿಡಿದಳು. ಅವ್ವನ ಬಣ್ಣವೂ ರಾಗಿಯದೇ. ಅವಳು ಕನ್ನಡಿ ನೋಡಿ, ಸೆರಗು ಸರಿಮಾಡಿಕೊಂಡು, ನನ್ನದು ಬಿಸಿಲಿನ ಬಣ್ಣ ಅಂದಳು.

ಬ್ಲೆಸಿಂಗ್ ನೀರು ಕೇಳಲು ಬಂದರೆ ಅವ್ವ ಕಿಟಕಿಯ ಮೇಲಿಟ್ಟಿದ್ದ ಒಂದು ಸೊಟ್ಟ ಲೋಟದಲ್ಲೇ ಕೊಡುತ್ತಿದ್ದಳು. ಆ ಲೋಟ ಬೇರೆ ಯಾರಿಗೂ ಇಲ್ಲ. ಅಮ್ಮ ಮೊದಮೊದಲು ನೋಡಿಯೂ ಸುಮ್ಮನಿದ್ದಳು. ಒಂದು ದಿನ ತಡೆಯಲಾಗಲಿಲ್ಲ.

"ಅತ್ತೆ, ನಿಮ್ ಚಿಕ್ಕ ವಯಸ್ಸಲ್ಲಿ ಗೌಡ್ರ ಮನೇಲಿ ನಿಮಗೆ ಮೇಲಿಂದ ಬೊಗಸೆಗೆ ನೀರು ಹುಯ್ತಿದ್ರು ಅಂತ ನೀವೇ ಅಳ್ತಾ ಹೇಳಿದೀರಿ. ಈಗ ಈ ಲೋಟ ಏನು?"

ಅವ್ವ ಲೋಟವನ್ನು ತಿರುಗಿ ಕಿಟಕಿಯ ಮೇಲೇ ಇಟ್ಟಳು. ಎರಡು ದಿನ ಅಮ್ಮನ ಜೊತೆ ಮಾತೂ ಆಡಲಿಲ್ಲ. ನನಗೆ ಆಗ ಇದೆಲ್ಲ ಅರೆಬರೆ ಅರ್ಥವಾಗಿತ್ತು. ಈಗ ಬರೆಯುವಾಗ ಅವ್ವನ ಮೇಲೆ ಸಿಟ್ಟಿಗಿಂತ ಮರುಕವೇ ಹೆಚ್ಚು. ತಾನು ಯಾರಿಗಿಂತಲಾದರೂ ಮೇಲೆ ಇದ್ದೇನೆ ಅಂದುಕೊಳ್ಳಲು ಅವಳಿಗೆ ಜೀವಮಾನದಲ್ಲಿ ಅದೊಂದೇ ಅವಕಾಶ ಸಿಕ್ಕಿತ್ತೋ ಏನೋ. ಆ ವಾರವೇ ಅಮ್ಮ ಬ್ಲೆಸಿಂಗಳನ್ನು ಊಟಕ್ಕೆ ಕರೆದು ಮುದ್ದೆ ಬಡಿಸಿದಳು. ಅವಳು ಮುದ್ದೆಯ ಅಂಚನ್ನು ಬೆರಳಲ್ಲಿ ಮುರಿದು, ಉಂಡೆ ಮಾಡಿ, ಸಾರಿಗೆ ಅದ್ದಿ, ಗುಳುಕ್ಕನೆ ನುಂಗಿದಳು. ಅಗಿಯಲೇ ಇಲ್ಲ. ಅವರ ಊರಿನಲ್ಲೂ ಗೆಣಸಿನಂಥ ಗೆಡ್ಡೆಯನ್ನು ಕುಟ್ಟಿ ಇಂಥದ್ದೇ ಮುದ್ದೆ ಮಾಡುತ್ತಾರಂತೆ, ಅದನ್ನು ಅಗಿದರೆ ಅವಳ ಅಜ್ಜಿ ಬೈಯುತ್ತಾಳಂತೆ. ಬಾಗಿಲಿಗೊರಗಿ ನೋಡುತ್ತಿದ್ದ ಅವ್ವ ಸೊಸೆಯ ಕಡೆ ಒಂದು ಸಲ ನೋಡಿ ಒಳಗೆ ಹೋದಳು. ಮಾರನೆಯ ದಿನದಿಂದ ಬ್ಲೆಸಿಂಗಿಗೆ ನೀರು ಎಲ್ಲರ ಲೋಟದಲ್ಲೇ ಸಿಕ್ಕಿತು.

ಬ್ಲೆಸಿಂಗ್ ಮೊದಲ ಭಾನುವಾರ ನಮ್ಮ ಚರ್ಚಿಗೆ ಬಂದಾಗ ಒಂದು ಸಂಗತಿ ನಡೆಯಿತು. ಏಳು ಗಂಟೆಗೆ ಬಂದು ಕನ್ನಡ ಆರಾಧನೆಯಲ್ಲಿ ಕೂತಳು. ಅದು ಮುಗಿದು ಜನ ಎದ್ದುಹೋದರು, ಇನ್ನೊಂದು ಗುಂಪು ಬಂದು ಕೂತಿತು. ಅವಳು ಕದಲಲಿಲ್ಲ. ತಮಿಳು ಆರಾಧನೆಗೂ ಎದ್ದು ನಿಂತಳು, ಕೂತಳು, ಗೊತ್ತಿಲ್ಲದ ಹಾಡಿಗೆ ಬಾಯಿ ಆಡಿಸಿದಳು. ನಾನು ಆ ವಾರ ಅಮ್ಮನ ಪಾಲು. ಹೊರಗೆ ಬಂದಮೇಲೆ ಅವಳು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದ್ದು, ಆ ಮೊದಲಿನವರಿಗೆ ಏನು ಅಂಥ ತುರ್ತು ಕೆಲಸವಿತ್ತು, ಯಾಕೆ ಅರ್ಧಕ್ಕೇ ಎದ್ದು ಹೋದರು ಎಂದು. ಅವರ ಊರಿನಲ್ಲಿ ಆರಾಧನೆ ಬೆಳಗ್ಗೆ ಶುರುವಾದರೆ ಮಧ್ಯಾಹ್ನಕ್ಕೆ ಮುಗಿಯುವುದಂತೆ. ಹಾಗಾಗಿ ನಮ್ಮ ಎರಡನ್ನೂ ಅವಳು ಒಂದೇ ಆರಾಧನೆ ಅಂದುಕೊಂಡಿದ್ದಳು. ನಾನು ಹರಕುಮುರುಕು ಇಂಗ್ಲಿಷಿನಲ್ಲಿ ಅವರು ಕನ್ನಡದವರು, ಇವರು ತಮಿಳಿನವರು ಎಂದೆ. ಆದರೆ ನೀವೆಲ್ಲ ಒಂದೇ ಗಲ್ಲಿಯವರಲ್ಲವಾ, ನಿನ್ನ ಅಪ್ಪ ಅಮ್ಮ ಒಂದೇ ಮನೆಯವರಲ್ಲವಾ ಎಂದಳು. ಮಧ್ಯಾಹ್ನ ಊಟದ ಹೊತ್ತಿಗೆ ಇದನ್ನು ಮನೆಯಲ್ಲಿ ಹೇಳಿದಾಗ ಅಮ್ಮ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡಳು. ಅವ್ವನೂ ನಕ್ಕಳು. ಅಪ್ಪ ನಗಲಿಲ್ಲ, ಸಾರಿಗೆ ಉಪ್ಪು ಕಮ್ಮಿ ಅಂದ.

ಶನಿವಾರ ಸಂಜೆ ಬ್ಲೆಸಿಂಗಿನ ರೂಮಿನಲ್ಲಿ ನಾಲ್ಕೈದು ಜನ ಸೇರಿ ಪ್ರಾರ್ಥನೆ ಮಾಡತೊಡಗಿದರು. ಅವಳ ಕಾಲೇಜಿನ ಆಫ್ರಿಕದ ಗೆಳೆಯರಿಬ್ಬರು, ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುತ್ತಿದ್ದ ಮಿಜೋರಾಮಿನ ಒಬ್ಬಳು, ಒಬ್ಬ ಮಲಯಾಳಿ ನರ್ಸು. ನೀರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಬೋರಲು ಹಾಕಿ ಬಾರಿಸುತ್ತಾ ಹಾಡುತ್ತಿದ್ದರು. ಗಲ್ಲಿಯವರು ಬಂದು ಅಪ್ಪನಿಗೆ ರೂಮು ಖಾಲಿ ಮಾಡಿಸಿ ಅಂದರು. ಸದ್ದಿಗಿಂತ ಅವರಿಗೆ ಆ ಮುಖಗಳದ್ದೇ ತಕರಾರು. ಅಪ್ಪನ ಹಟ ಅವತ್ತು ಒಳ್ಳೆಯ ಕೆಲಸಕ್ಕೆ ಬಂತು. ನನ್ನ ಮನೆ, ನನ್ನ ಡ್ರಮ್ಮು, ನಿಮಗೇನು ಕಷ್ಟ ಎಂದು ಕೇಳಿ ಕಳಿಸಿದ. ಒಂದು ಶನಿವಾರ ಅಯ್ಯನವರು ನಮ್ಮ ಮನೆಗೆ ಬಂದವರು ಮೇಲಿನ ಹಾಡು ಕೇಳಿ ಮೆಟ್ಟಿಲು ಹತ್ತಿದರು. ಇಳಿಯುವ ಹೊತ್ತಿಗೆ ಅವರ ತಲೆಯಲ್ಲಿ ಒಂದು ಯೋಚನೆ ಕೂತಿತ್ತು. ಮುಂದಿನ ತಿಂಗಳು ಒಂದು ಭಾನುವಾರ ಸಂಜೆ ಐಕ್ಯ ಆರಾಧನೆ. ಎರಡೂ ಸಭೆಯವರು, ಈ ರೂಮಿನವರು, ಸುತ್ತಮುತ್ತ ಕೆಲಸಕ್ಕೂ ಓದಿಗೂ ಬಂದು ನೆಲೆಸಿದ ಯಾವ ದೇಶದ, ಯಾವ ಬಣ್ಣದ ಕ್ರೈಸ್ತರಾದರೂ ಸರಿ, ಎಲ್ಲರೂ ಒಟ್ಟಿಗೆ.

ಇದರ ಏರ್ಪಾಟಿನ ಸಭೆ ನಮ್ಮ ಮನೆಯ ನಡುಕೋಣೆಯಲ್ಲೇ ನಡೆಯಿತು. ಅರುಳಪ್ಪ ಮಾಮ ಎಷ್ಟೋ ವರ್ಷಗಳ ಮೇಲೆ ನಮ್ಮ ಹೊಸ್ತಿಲು ದಾಟಿ ಬಂದರು. ಅಮ್ಮ ಅವರಿಗೆ ಕಾಫಿ ಕೊಟ್ಟಳು, ಅಪ್ಪ ಫ್ಯಾನು ನೋಡುತ್ತಾ ಕೂತ. ಯಾವ ಭಾಷೆ ಮೊದಲು ಎಂಬಲ್ಲಿಗೆ ಬಂದು ಮಾತು ನಿಂತುಹೋಯಿತು. ಯಾರ ಗಾಯನ ತಂಡ ಹಾಡಬೇಕು ಎಂಬಲ್ಲಿ ಇನ್ನೊಮ್ಮೆ ನಿಂತಿತು. ಕೊನೆಗೆ ಅಯ್ಯನವರು ಗಾಯನ ತಂಡವೇ ಬೇಡ, ಜನರೇ ಹಾಡಲಿ ಅಂದುಬಿಟ್ಟರು. ಬಾಗಿಲ ಹಿಂದೆ ನಿಂತಿದ್ದ ಅಮ್ಮನ ಮುಖ ಸಣ್ಣದಾಯಿತು. ಅಲ್ಲಾದರೂ ಅಪ್ಪ ತನ್ನ ಹಾಡು ಕೇಳಬಹುದು ಎಂದು ಅವಳು ಎಣಿಸಿದ್ದಳು, ನಾನೂ ಎಣಿಸಿದ್ದೆ. ಅಯ್ಯನವರು ಇನ್ನೊಂದು ನಿಯಮವನ್ನೂ ಮಾಡಿದರು. ಮನೆಯಲ್ಲಿ ಯಾರ ಜೊತೆ ಕೂತು ಊಟ ಮಾಡುತ್ತೀರೋ ಅವರ ಪಕ್ಕ ಅಲ್ಲಿ ಕೂರುವಂತಿಲ್ಲ. ಗುರುತಿಲ್ಲದವರ ಪಕ್ಕ ಕೂರಬೇಕು. ನನಗೆ ಅಯ್ಯನವರ ಮೇಲೆ ಕೆಟ್ಟ ಕೋಪ ಬಂತು. ಎಲ್ಲರನ್ನೂ ಒಂದು ಮಾಡುವ ಆರಾಧನೆಯಲ್ಲೂ ನಮ್ಮ ಮನೆಯವರು ಬೇರೆ ಬೇರೆಯೇ. ಇಷ್ಟಕ್ಕೂ ಅಪ್ಪ ಬರುತ್ತಾನೆ ಎಂಬ ಭರವಸೆಯೇನೂ ಇರಲಿಲ್ಲ. ತಮಿಳಿನವರ ಜೊತೆ ಕೂರುವುದಿಲ್ಲ ಎಂಬ ಮಾತು ಇನ್ನೂ ಇತ್ತಲ್ಲ. ಕಾಣಿಕೆ ಚೀಲ ಹಿಡಿಯಲು ಎರಡೂ ಸಭೆಯ ಕಾರ್ಯದರ್ಶಿಗಳು ಬೇಕೇ ಬೇಕು ಎಂದು ಅಯ್ಯನವರು ಒತ್ತಾಯ ಮಾಡಿದ ಮೇಲೆ ಅಪ್ಪ ಒಂದು ಉಪಾಯ ಕಂಡುಕೊಂಡ.

"ಬರ್ತೀನಿ ಅಯ್ನೋರೆ. ಆದ್ರೆ ಡ್ಯೂಟಿ ಮೇಲೆ ಬರ್ತೀನಿ. ಕೂರಲ್ಲ."

ಆರಾಧನೆ ನಡೆದದ್ದು ಚರ್ಚಿನಲ್ಲಲ್ಲ. ಅಲ್ಲಾದರೆ ಈ ಬೆಂಚು ನಮ್ಮದು, ಆ ಮೂಲೆ ನಿಮ್ಮದು ಎಂಬ ತಕರಾರು ಬರುತ್ತದೆಂದು ಅಯ್ಯನವರು ಮುನಿರಾಜಣ್ಣನ ಶೆಡ್ಡು ಕೇಳಿದ್ದರು. ಮುನಿರಾಜಣ್ಣ ಊರಿನ ಹಳೇ ಜಮೀನ್ದಾರ, ಈಗ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದ್ದ. ತರಕಾರಿ ಕ್ರೇಟು ಇಡುತ್ತಿದ್ದ ಆ ಶೆಡ್ಡನ್ನು ಗುಡಿಸಿ ಕೊಟ್ಟು, ಏನು ಮಾಡುತ್ತಾರೆ ನೋಡೋಣವೆಂದು ತಾನೂ ಬಾಗಿಲ ಬಳಿ ಕುರ್ಚಿ ಹಾಕಿಕೊಂಡ. ಒಳಗೆ ಟೊಮೆಟೊ ವಾಸನೆ ಇನ್ನೂ ಹೋಗಿರಲಿಲ್ಲ. ಜನ ಬಂದರು ನೋಡಿ, ನಾನು ಅಷ್ಟು ಬಗೆಯ ಮುಖಗಳನ್ನು ಒಂದೆಡೆ ಎಂದೂ ಕಂಡಿರಲಿಲ್ಲ. ಆಫ್ರಿಕದ ಹುಡುಗರು ಇಸ್ತ್ರಿ ಮಾಡಿದ ಹೂವಿನ ಅಂಗಿಗಳಲ್ಲಿ, ನಾಗಾ ಮತ್ತು ಮಿಜೋ ಹುಡುಗಿಯರು ಗಿಟಾರು ಹಿಡಿದು, ಬಿಳಿ ಸೀರೆಯ ನಮ್ಮ ಅಜ್ಜಿಯರು, ಕನಕಾಂಬರ ಮುಡಿದ ತಮಿಳು ಅಕ್ಕಂದಿರು, ಡ್ಯೂಟಿ ಮುಗಿಸಿ ಬಂದ ನರ್ಸುಗಳು. ಬ್ರೂಕ್‌ಫೀಲ್ಡ್ ಕಡೆಯಿಂದ ಕಾರಿನಲ್ಲಿ ಬಿಳಿಯ ದಂಪತಿ ಬಂದರು. ಗಂಡ ಯಾವುದೋ ಕಾರ್ಖಾನೆಯ ಇಂಜಿನಿಯರ್.

ಆಗ ನಮ್ಮ ಹಿರಿಯರು ಮಾಡಿದ್ದನ್ನು ಹೇಳಲೇಬೇಕು. ಬಿಳಿಯರನ್ನು ಕಂಡ ಕೂಡಲೇ ಎರಡು ಸಭೆಯವರೂ ಜಗಳ ಮರೆತು ಓಡಿ, ಮುಂದುಗಡೆ ಎರಡು ಕುರ್ಚಿ ಹಾಕಿದರು. ಅದೇ ಹೊತ್ತಿಗೆ ಬಂದ ಬ್ಲೆಸಿಂಗಿನ ಗೆಳೆಯರಿಗೆ ಹಿಂದೆ ಚಾಪೆಯ ಕಡೆ ಕೈ ತೋರಿಸಿದರು. ಬ್ಲೆಸಿಂಗ್ ಇದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ಜೋರಾಗಿ ನಕ್ಕಳು. ಆ ನಗು ಕೇಳಿ ಬಿಳಿಯ ಹೆಂಗಸಿಗೆ ವಿಷಯ ತಿಳಿಯಿತು; ಮುಖ ಕೆಂಪಗಾಗಿ ಎದ್ದು ಹಿಂದೆ ಬಂದು ಚಾಪೆಯ ಮೇಲೆ ಕೂತಳು. ಗಂಡನೂ ಮೊಣಕಾಲು ಮಡಿಸಲು ಒದ್ದಾಡುತ್ತಾ ಬಂದು ಕೂತ. ಆ ಎರಡು ಕುರ್ಚಿಗಳು ಕೊನೆಯವರೆಗೂ ಖಾಲಿ ಇದ್ದವು. ನಮ್ಮ ಹಿರಿಯರು ಅವುಗಳ ಕಡೆ ನೋಡದಂತೆ ಬಹಳ ಎಚ್ಚರ ವಹಿಸಿದರು.

ನಿಯಮದಂತೆ ನಾವು ಚದುರಿದೆವು. ನಾನು ಒಬ್ಬ ನಾಗಾ ಅಕ್ಕನ ಪಕ್ಕ, ಅಮ್ಮ ಎಡಗಡೆ ನರ್ಸುಗಳ ನಡುವೆ. ಅವ್ವ ಯಾರ ಪಕ್ಕ ಕೂರುವುದೋ ತಿಳಿಯದೆ ನಿಂತಿದ್ದಾಗ ಬ್ಲೆಸಿಂಗ್ ಅವಳ ಕೈ ಹಿಡಿದು ತನ್ನ ಪಕ್ಕ ಕೂರಿಸಿಕೊಂಡಳು. ಅವಳು ನಮ್ಮ ಮನೆಯಲ್ಲಿ ಉಂಡವಳು, ಹಾಗೆ ನೋಡಿದರೆ ಅದು ನಿಯಮಕ್ಕೆ ವಿರುದ್ಧ. ಅಪ್ಪ ಮತ್ತು ಅರುಳಪ್ಪ ಮಾಮ ಉದ್ದನೆಯ ಕೋಲಿಗೆ ಕಟ್ಟಿದ ಮಖಮಲ್ಲಿನ ಕಾಣಿಕೆ ಚೀಲಗಳನ್ನು ಹಿಡಿದು ಬಾಗಿಲ ಎರಡು ಕಡೆ ಕಾವಲುಗಾರರ ಹಾಗೆ ನಿಂತರು. ಹಾಡು ಶುರುವಾಯಿತು. ಕನ್ನಡದ್ದೊಂದು, ತಮಿಳಿನದೊಂದು, ಹಿಂದಿಯದೊಂದು, ಇಂಗ್ಲಿಷಿನದೊಂದು. ಗೊತ್ತಿಲ್ಲದವರು ಚಪ್ಪಾಳೆ ತಟ್ಟಿದರು. ನಮ್ಮ ಕಡೆ ಆರಾಧನೆಯಲ್ಲಿ ಚಪ್ಪಾಳೆ ತಟ್ಟುವ ರೂಢಿಯೇ ಇಲ್ಲ, ಅವ್ವ ಮೊದಲು ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಮೂರನೆಯ ಹಾಡಿಗೆ ಒಂದು ಕೈ ಆಚೆ ಬಂದು ತೊಡೆಯ ಮೇಲೆ ತಾಳ ಹಾಕತೊಡಗಿತು.

ಕಾಣಿಕೆಯ ಹೊತ್ತನ್ನು ಅಯ್ಯನವರು ಬ್ಲೆಸಿಂಗಿಗೆ ಒಪ್ಪಿಸಿದ್ದರು. ನಮ್ಮಲ್ಲಿ ಕಾಣಿಕೆ ಎಂದರೆ ಜನ ಕೂತಿರುತ್ತಾರೆ, ಚೀಲ ಅವರ ಬಳಿ ಬರುತ್ತದೆ, ತಲೆ ತಗ್ಗಿಸಿ ಹಾಕುತ್ತಾರೆ. ಅವರ ಊರಿನಲ್ಲಿ ಕಾಣಿಕೆ ಒಂದೇ ಕಡೆ ಇರುತ್ತದೆ, ಜನ ಎದ್ದು ಕುಣಿಯುತ್ತಾ ಅಲ್ಲಿಗೆ ಹೋಗುತ್ತಾರೆ. ಇದನ್ನು ಬ್ಲೆಸಿಂಗ್ ಅಯ್ಯನವರಿಗೆ ಹೇಳಿದ್ದಳು, ಅಯ್ಯನವರು ಚೀಲದವರಿಗೆ ಹೇಳುವುದನ್ನು ಮರೆತಿದ್ದರು. ಅವಳು ಮುಂದೆ ಒಂದು ಬುಟ್ಟಿ ಇಟ್ಟು, ಡ್ರಮ್ಮಿನವನಿಗೆ ಸನ್ನೆ ಮಾಡಿ, ಮೊದಲ ಸಾಲನ್ನು ಎಬ್ಬಿಸಿಯೇಬಿಟ್ಟಳು. ಆಫ್ರಿಕದ ಹುಡುಗರು ಹೆಗಲು ಕುಣಿಸುತ್ತಾ ಹೊರಟರು, ಹಿಂದೆ ಮಿಜೋ ಹುಡುಗಿಯರು, ಅವರ ಹಿಂದೆ ನಾಚುತ್ತಾ ನಮ್ಮವರು. ಅದೇ ಹೊತ್ತಿಗೆ, ರೂಢಿಯಂತೆ, ಅಪ್ಪ ಬಲಗಡೆಯಿಂದ, ಅರುಳಪ್ಪ ಮಾಮ ಎಡಗಡೆಯಿಂದ ಚೀಲ ಹಿಡಿದು ಹೊರಟರು. ಯಾರ ಮುಂದೆ ಚೀಲ ಒಡ್ಡಿದರೂ ಅವರು ಎದ್ದು ಹೋಗುತ್ತಿದ್ದಾರೆ. ಅಪ್ಪ ಬೆನ್ನಟ್ಟಿದ. ಹೋಗುತ್ತಾ ಹೋಗುತ್ತಾ ಸಾಲಿನೊಳಗೇ ಸಿಕ್ಕಿಕೊಂಡ. ಹಿಂದಿನವರು ತಳ್ಳುತ್ತಿದ್ದಾರೆ, ಮುಂದಿನವರು ಕುಣಿಯುತ್ತಿದ್ದಾರೆ. ಎರಡು ಸಾಲು ಕೂಡುವಲ್ಲಿ ಅರುಳಪ್ಪ ಮಾಮನ ಕೋಲು ಅಪ್ಪನ ಅಂಗಿಯ ಕಾಲರಿಗೆ ಸಿಕ್ಕಿ, ಬಿಡಿಸಲು ಹೋದಂತೆಲ್ಲ ಇಬ್ಬರೂ ಸುತ್ತುತ್ತಾ ಹೋದರು. ದೂರದಿಂದ ನೋಡುವವರಿಗೆ ಇವರಿಬ್ಬರೇ ಎಲ್ಲರಿಗಿಂತ ಚೆನ್ನಾಗಿ ಕುಣಿಯುತ್ತಿರುವಂತೆ ಕಂಡಿತು. ಮುನಿರಾಜಣ್ಣ ಕುರ್ಚಿಯಿಂದ ಎದ್ದು ಶಿಳ್ಳೆ ಹಾಕಿದ. ಅರುಳಪ್ಪ ಮಾಮನಿಗೆ ಮೊದಲು ನಗು ಬಂತು. ಅಪ್ಪ ಸಿಟ್ಟಿನಿಂದ ಅವರ ಮುಖ ನೋಡಿದವನು, ಆ ಹೊಟ್ಟೆ ಕುಲುಕುವ ನಗು ನೋಡಿ ತಾನೂ ತಡೆಯಲಾರದೆ ನಕ್ಕುಬಿಟ್ಟ. ಗೋಲಿ ಆಡುತ್ತಿದ್ದಾಗ ಇವರು ಹೀಗೇ ನಗುತ್ತಿದ್ದರೇನೋ ಅನಿಸಿತು ನನಗೆ.

ಕುಣಿತ ನಿಂತಾಗ ಯಾರ ಜಾಗ ಯಾವುದೆಂದು ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಎಲ್ಲಿ ಚಾಪೆ ಸಿಕ್ಕಿತೋ ಅಲ್ಲೇ ಕೂತರು. ನಿಂತೇ ಇದ್ದ ಅಪ್ಪನಿಗೆ ಏದುಸಿರು. ಅಮ್ಮ ತಾನು ಕೂತಲ್ಲೇ ಸ್ವಲ್ಪ ಸರಿದಳು. ಅಪ್ಪ ಒಂದು ಸಲ ಅತ್ತಿತ್ತ ನೋಡಿ, ಕೋಲನ್ನು ನೆಲಕ್ಕೂರಿ, ಅವಳ ಪಕ್ಕ ಕೂತ. ನಾನು ಜನರ ಕಾಲುಗಳನ್ನು ದಾಟಿಕೊಂಡು ಹೋಗಿ ಇಬ್ಬರ ಮೊಣಕಾಲುಗಳ ನಡುವೆ ತೂರಿಕೊಂಡೆ. ಅಯ್ಯನವರ ನಿಯಮ ಮುರಿಯಿತು ಎಂದು ಭಯವಾಗಿ ಅವರ ಕಡೆ ನೋಡಿದೆ. ಅವರು ಬೇರೆಲ್ಲೋ ನೋಡುತ್ತಿದ್ದರು.

ಕಡೆಯಲ್ಲಿ ಅಯ್ಯನವರು ಎಲ್ಲರೂ ಪಕ್ಕದವರ ಹೆಗಲ ಮೇಲೆ ಕೈಯಿಟ್ಟು, ತಮಗಾಗಿ ಅಲ್ಲ, ಅವರಿಗಾಗಿ, ಅವರವರ ಭಾಷೆಯಲ್ಲಿ ಗಟ್ಟಿಯಾಗಿ ಪ್ರಾರ್ಥಿಸಬೇಕು ಅಂದರು. ಒಬ್ಬರಾದ ಮೇಲೆ ಒಬ್ಬರಲ್ಲ, ಎಲ್ಲರೂ ಒಟ್ಟಿಗೆ. ಹಾಗೆ ಮಾಡುವುದರಲ್ಲಿ ಒಂದು ಅನುಕೂಲವಿದೆ. ಆ ಗದ್ದಲದಲ್ಲಿ ಯಾರದು ಯಾರಿಗೂ ಕೇಳಿಸುವುದಿಲ್ಲ ಅಂದುಕೊಂಡು ಜನ ನಿಜ ಹೇಳುತ್ತಾರೆ. ಶೆಡ್ಡಿನ ಶೀಟು ಗುಂಯ್ ಅಂದಿತು. ನಮ್ಮ ಮುಂದೆಯೇ ಇದ್ದ ಅವ್ವ ಬ್ಲೆಸಿಂಗಿನ ತಲೆಯ ಮೇಲೆ ಕೈಯಿಟ್ಟು, ಆ ಸಣ್ಣ ಜಡೆಗಳನ್ನು ಸವರುತ್ತಾ ಹೇಳುತ್ತಿದ್ದಳು.

"ಸ್ವಾಮಿ, ಈ ಮಗ ಅದೆಲ್ಲಿಂದ್ಲೋ ಬಂದೈತೆ. ಇದ್ರ ಅವ್ವ ಅಲ್ಲಿ ಏನ್ ಯೋಚ್ನೆ ಮಾಡ್ತಾವ್ಳೋ. ಎದ್ರುಕೋಬ್ಯಾಡ, ನಾನಿವ್ನಿ ಅಂತ ಅವ್ಳಿಗೆ ನೀನೇ ಏಳ್ಬುಡಪ್ಪ."

ಬ್ಲೆಸಿಂಗಿಗೆ ಒಂದು ಮಾತೂ ತಿಳಿದಿರಲಾರದು. ಆದರೂ ಅವಳ ಕೆನ್ನೆ ಒದ್ದೆಯಾಗಿತ್ತು. ಅಷ್ಟರಲ್ಲಿ ನನ್ನ ತಲೆಯ ಮೇಲುಗಡೆ ಅಮ್ಮನ ದನಿ ಕೇಳಿಸಿತು. ಅವಳು ಅಪ್ಪನ ಹೆಗಲ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ತಮಿಳಿನಲ್ಲಿ ಪ್ರಾರ್ಥಿಸುತ್ತಿದ್ದಳು. ಇವರ ಬೆನ್ನುನೋವು ವಾಸಿ ಮಾಡು. ರಾತ್ರಿ ಶಿಫ್ಟು ತಪ್ಪಿಸು. ಇವರ ಹಟ ಇವರಿಗೇ ಭಾರವಾಗಿದೆ, ಅದನ್ನು ಇಳಿಸು. ಈ ಮಗು ಹುಟ್ಟಿದಾಗಿನಿಂದ ನಿನ್ನ ಮುಂದೆ ಹಾಡುತ್ತಿದ್ದೇನೆ, ನೀನು ಕೇಳಿದ್ದೀಯ, ಊರೆಲ್ಲ ಕೇಳಿದೆ. ಇವರೂ ಒಂದು ಸಲ ಬಂದು ಕೂತು ಕೇಳುವ ಹಾಗೆ ಮಾಡು.

ಅಪ್ಪ ಅವಳಿಗಾಗಿ ಕನ್ನಡದಲ್ಲಿ ಏನೋ ಗೊಣಗುತ್ತಿದ್ದವನು ನಿಲ್ಲಿಸಿದ. ಆಮೇಲೆ ಕಣ್ಣು ತೆರೆಯದೆಯೇ ಉತ್ತರ ಕೊಟ್ಟ, ತಮಿಳಿನಲ್ಲಿ: ಮುಂದಿನ ವಾರ ಬರ್ತೀನಿ, ಮುಂದಿನ ಬೆಂಚಲ್ಲೇ ಕೂರ್ತೀನಿ.

"ಆಮೆನ್," ಅಂದಳು ಅಮ್ಮ.